ಮೆಟ್ಟಿಲಿಳಿಯದ ಹಡಗು

ಕಂಡಕ್ಟರ್ ಅಕ್ಕ ಯಾರಿಗೂ ಸೊಪ್ಪು ಹಾಕುವವಳಲ್ಲ. ಮೇಲಧಿಕಾರಿ ಬಸ್ಸು ಹತ್ತಿದರೂ ಟಿಕೆಟ್ ಕೇಳುವ ಹೆಂಗಸು. ಅಂಥವಳು ತನ್ನ ಅಣ್ಣನ ಮುಂದೆ ಮಾತ್ರ ಬಾಲ ಮುದುರಿಕೊಳ್ಳುತ್ತಿದ್ದಳು, ಅದೂ ಆಟದ ಸಾಮಾನಿನ ವಿಷಯದಲ್ಲಿ. ಚಿಕ್ಕಂದಿನಲ್ಲಿ ಅಪ್ಪ ತಂದ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಅಣ್ಣ ಕೋಟೆ ಕಟ್ಟುತ್ತಿದ್ದ. ಉಳಿದ ಚೂರುಪಾರಿನಲ್ಲಿ ಇವಳು ಕಡಲ್ಗಳ್ಳರ ಹಡಗು ಮಾಡುತ್ತಿದ್ದಳು. ಯುದ್ಧದಲ್ಲಿ ಗೆಲ್ಲುತ್ತಿದ್ದವರು ಯಾರೆಂದು ಬೇರೆ ಹೇಳಬೇಕೇ? ರಾಜನೂ ಅಣ್ಣನೇ, ತೀರ್ಪುಗಾರನೂ ಅಣ್ಣನೇ.

ಈಗ ಇಬ್ಬರ ತಲೆಯೂ ನರೆತಿದೆ, ಹುಚ್ಚು ಮಾತ್ರ ಬಿಟ್ಟಿಲ್ಲ. ಊರಿನ ಸಭಾಭವನದಲ್ಲಿ ವರ್ಷಕ್ಕೊಮ್ಮೆ ಇಂಥ ಹುಚ್ಚರೆಲ್ಲ ತಾವು ಕಟ್ಟಿದ್ದನ್ನು ತಂದಿಡುತ್ತಾರೆ. ನೋಡಲು ಬಂದವರು ತಮಗೆ ಮೆಚ್ಚುಗೆಯಾದದ್ದಕ್ಕೆ ಚೀಟಿ ಹಾಕುತ್ತಾರೆ. ಗೆದ್ದವರಿಗೆ ನಡುವಿನ ದೊಡ್ಡ ಮೇಜು. ಬೀಗ ರಿಪೇರಿ ಮಾಡುವ ಅಣ್ಣನ ಕೋಟೆ ಆ ಮೇಜು ಬಿಟ್ಟು ಕದಲಿದ್ದೇ ಇಲ್ಲ. ಎಂದೂ ಮೂಲೆಯ ಮೇಜೇ ಗತಿಯಾಗಿದ್ದ ತಂಗಿಗೆ ಈ ಸಲ ಅದು ಬೇಕೇ ಬೇಕಾಗಿತ್ತು.

ರಜೆ ಸಿಕ್ಕಾಗಲೆಲ್ಲ ಮಹಡಿಯ ಕೋಣೆಯಲ್ಲಿ ಕೂತು ಒಬ್ಬ ಆಳು ಮಲಗುವಷ್ಟು ಉದ್ದದ ಹಡಗು ಕಟ್ಟಿದಳು. ಪ್ರದರ್ಶನದ ದಿನ ಬೆಳಗ್ಗೆ ಗಂಡನೂ ಅವಳೂ ಆಚೀಚೆ ಹಿಡಿದು ಹೊರಟರೆ, ಹಡಗು ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಮೂತಿ ಆನಿಸಿ ನಿಂತುಬಿಟ್ಟಿತು. ಓರೆ ಮಾಡಿದರೂ ಇಲ್ಲ, ಎತ್ತಿ ಹಿಡಿದರೂ ಇಲ್ಲ. ಕಟ್ಟುವ ಭರದಲ್ಲಿ ಮೆಟ್ಟಿಲ ನೆನಪೇ ಆಗಿರಲಿಲ್ಲ ಮಹಾತಾಯಿಗೆ. ಅಣ್ಣನಿಗೆ ಫೋನ್ ಹೋಯಿತು. ಅವನು ಮೊದಲು ಮನಸಾರೆ ನಕ್ಕ.

"ಕೋಟೆಯಾದ್ರೆ ಗೋಡೆ ಗೋಡೆ ಬಿಡಿಸಿ ತರಬಹುದು. ಹಡಗನ್ನ ಏನ್ ಮಾಡ್ತೀಯ? ಈ ವರ್ಷ ಬಿಟ್ಬಿಡು ಪುಟ್ಟಿ," ಎಂದ.

ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. ಸೋಲಿಗಿಂತ ಆ ನಗು ಅವಳನ್ನು ಹೆಚ್ಚು ಚುಚ್ಚಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹಡಗನ್ನು ಮತ್ತೆ ಕೋಣೆಗೆ ಒಯ್ದು, ಎದೆ ಗಟ್ಟಿ ಮಾಡಿಕೊಂಡು ನಡುವೆ ಅಡ್ಡಕ್ಕೆ ಎರಡಾಗಿ ಸೀಳಿದಳು. ಕಿತ್ತುಬಂದ ಇಟ್ಟಿಗೆಗಳನ್ನು ಗಂಡ ಟೋಪಿಯಲ್ಲಿ ಹಿಡಿದ.

ಸಭಾಭವನ ತಲುಪಿದ ಮೇಲೆ, ಈಗ ಕೂಡಿಸೋಣ ಎಂದು ಗಂಡ ಟೋಪಿ ಮುಂದೆ ಮಾಡಿದ. ಅವಳು ಸೀಳಿದ ಹಡಗನ್ನೇ ನೋಡುತ್ತ ನಿಂತಿದ್ದಳು. ಯಾರಿಗೂ ಕಾಣದೆಂದು ಗೊತ್ತಿದ್ದೂ, ತನ್ನ ಖುಷಿಗೆ ಒಳಗೆಲ್ಲ ಸಂಸಾರ ಹೂಡಿದ್ದಳು: ಸೌಟು ಹಿಡಿದೇ ನಿದ್ದೆಹೋದ ಅಡುಗೆಯವ, ಚಡ್ಡಿ ಒಣಗಹಾಕುತ್ತಿರುವ ಕಳ್ಳರು, ನಾಯಕನ ಮಂಚದ ಕೆಳಗೆ ಮರಿ ಹಾಕಿದ ಬೆಕ್ಕು.

"ಬೇಡ, ಹೀಗೇ ಇರ್ಲಿ," ಎಂದು ಎರಡೂ ಹೋಳುಗಳ ಸೀಳಿದ ಮುಖವನ್ನು ಜನರ ಕಡೆಗೆ ತಿರುಗಿಸಿಟ್ಟಳು.

ಆಮೇಲೆ ನೋಡಬೇಕಿತ್ತು! ಮೂಲೆಯ ಮೇಜಿಗೆ ಜನ ಮುತ್ತಿಕೊಂಡರು. ಮಕ್ಕಳು ಬೆಕ್ಕಿನ ಮರಿ ಎಣಿಸಿದರು, ಅಜ್ಜಂದಿರು ಕನ್ನಡಕ ಏರಿಸಿ ಬಗ್ಗಿದರು. ಕೋಟೆಯೇನೋ ಗಂಭೀರವಾಗಿಯೇ ಇತ್ತು, ಆದರೆ ಹೆಬ್ಬಾಗಿಲು ಮುಚ್ಚಿತ್ತು. ಒಳಗೆ ನೊಣವೂ ಇರಲಿಲ್ಲ. ಸಂಜೆ ಚೀಟಿ ಬಿಚ್ಚಿದಾಗ ಮುಕ್ಕಾಲು ಪಾಲು ಹಡಗಿಗೇ ಬಿದ್ದಿದ್ದವು.

ಅಣ್ಣ ಕೋಟೆಯನ್ನು ಗೋಡೆ ಗೋಡೆಯಾಗಿ ಬಿಡಿಸಿ ಮೂಲೆಗೆ ಸಾಗಿಸಿದ. ಹಡಗು ನಡುವಿನ ಮೇಜೇರಿತು. ಅವಳ ಕಾಲು ನೆಲದ ಮೇಲಿರಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ, ಹಡಗು ನೋಡುವವರ ಸಾಲಿನಲ್ಲಿ ಎಲ್ಲರ ಹಾಗೆ ಅಣ್ಣನೂ ನಿಂತಿದ್ದಾನೆ. ಅವನ ಸರದಿ ಬಂತು. ಬಗ್ಗಿ ಅಡುಗೆಮನೆ ನೋಡಿದ, ಬೆಕ್ಕು ನೋಡಿದ, ಮತ್ತೆ ಅಡುಗೆಮನೆ ನೋಡಿದ. ಅವನಿಗೆ ಅಲ್ಲಿಂದ ಏಳುವ ಮನಸ್ಸೇ ಇರಲಿಲ್ಲ.

"ನೋಡಾಯ್ತಲ್ಲ ಅಣ್ಣ, ಮುಂದೆ ಹೋಗು," ಎಂದಳು ಕಂಡಕ್ಟರ್ ಅಕ್ಕ. "ಹಿಂದೆ ಜನ ನಿಂತಿದಾರೆ."

ಅಣ್ಣ ಮುಂದೆ ಹೋದ. ಹೋಗಿ, ಸುತ್ತು ಹಾಕಿ, ಮತ್ತೆ ಸಾಲಿನ ಕೊನೆಗೆ ನಿಂತ.