ಪಿಸ್ತೂಲಿಗೆ ಕಟ್ಟಿದ ಕೆಂಪು ದಾರ

ಮೇಸ್ತ್ರಿಗಳ ಎರಡೂ ಕೈ ಎಣ್ಣೆಗೆ ಕಪ್ಪಾಗಿದ್ದರೂ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಬೆಳ್ಳಗಿರುತ್ತಿತ್ತು. ದಿನಾ ಕೆಲಸಕ್ಕೆ ಕೂರುವ ಮೊದಲು ಅದೊಂದನ್ನು ನಿಂಬೆ ಸಿಪ್ಪೆಯಲ್ಲಿ ಉಜ್ಜಿಕೊಳ್ಳುತ್ತಿದ್ದರು. ಹಳೆಯ ಪಿಸ್ತೂಲು ಬಂದರೆ ಅದರ ನಳಿಗೆಯನ್ನು ಬಿಚ್ಚಿ, ಒಂದು ತುದಿಗೆ ಆ ಉಗುರನ್ನು ಅಡ್ಡ ಹಿಡಿದು, ಇನ್ನೊಂದು ತುದಿಯಿಂದ ಒಳಗೆ ನೋಡುವರು. ಕಿಟಕಿಯ ಬೆಳಕು ಉಗುರಿಗೆ ಬಿದ್ದು ನಳಿಗೆಯೊಳಗೆ ಹೋಗುತ್ತಿತ್ತು. ತುಕ್ಕು ತಿಂದ ಜಾಗ, ಸವೆದ ಗೆರೆ ಎಲ್ಲ ಅವರಿಗೆ ಕಾಣುತ್ತಿತ್ತು. ನಾನು ಟಾರ್ಚ್ ಕೊಡಲು ಹೋದರೆ ಬೇಡ ಎನ್ನುವರು.

"ಟಾರ್ಚ್ ಹಾಕಿದ್ರೆ ಎಲ್ಲಾ ಹೊಳೀತದೆ ಅಮ್ಮಣ್ಣಿ. ಉಗುರಿನ ಬೆಳಕು ಇರೋದನ್ನ ತೋರಿಸ್ತದೆ."

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಗೆ ಎರಡು ಬೀದಿ ಆಚೆ ಇದ್ದ ಕೋವಿ ಅಂಗಡಿ ಅದು. ಲೈಸೆನ್ಸ್ ಅರ್ಜಿ ಟೈಪ್ ಮಾಡಲು ನಾನು ಅಲ್ಲಿ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹೆಣ್ಣುಮಗಳಿಗೆ ಬೇರೆ ಕೆಲಸ ಸಿಗಲಿಲ್ಲವಾ ಎಂದು ಹಲಸೂರಿನ ನಮ್ಮ ವಠಾರವೆಲ್ಲ ಮೂಗು ಮುರಿದಿತ್ತು. ಹೊರದೇಶದ ಹೊಸ ಪಿಸ್ತೂಲು ಬರುವುದು ನಿಂತುಹೋಗಿ, ಹಳೆಯದಕ್ಕೇ ಜನ ಕಿತ್ತಾಡುತ್ತಿದ್ದ ಕಾಲ. ಕೊಡುವವರು ನಿವೃತ್ತ ಅಧಿಕಾರಿಗಳು. ಕೊಳ್ಳುವವರು ಹೊಸದಾಗಿ ಲೇಔಟ್ ಮಾಡಿ ದುಡ್ಡು ಕಂಡವರು. ಅವರಿಗೆ ಪಿಸ್ತೂಲು ಸೊಂಟಕ್ಕೆ ಒಡವೆ. ಹೊಳೆದರೆ ಸಾಕು, ಒಳಗೇನಿದೆ ಎಂದು ಕೇಳಿದವರನ್ನು ನಾನು ಕಾಣೆ.

ಮೇಸ್ತ್ರಿಗಳು ಹೊಳಪನ್ನು ನೋಡುತ್ತಲೇ ಇರಲಿಲ್ಲ. ಬಿಳಿ ಬಟ್ಟೆ ಹಾಸಿ ಪಿಸ್ತೂಲನ್ನು ಬಿಚ್ಚಿ, ಭಾಗಗಳನ್ನು ಒಂದೊಂದಾಗಿ ಇಡುವರು. ನಳಿಗೆಯ ಮೇಲಿನ ನಂಬರು, ಮೈಮೇಲಿನ ನಂಬರು ಒಂದೇನಾ? ಅಕ್ಷರದ ಅಂಚು ಚೂಪಾಗಿದೆಯಾ, ಉಜ್ಜಿ ಮಸುಕಾಗಿದೆಯಾ? "ಸ್ಕ್ರೂ ತಲೆ ಹರಿದೋಗಿದ್ರೆ ತಿಳೀದವನು ಕೈ ಹಾಕವ್ನೆ ಅಂತ ತಿಳ್ಕೊ" ಎನ್ನುವರು. ಸ್ಪ್ರಿಂಗನ್ನು ಕಿವಿಯ ಹತ್ತಿರ ಒತ್ತಿ ಬಿಡುವರು. ನನಗೆ ಯಾವ ವ್ಯತ್ಯಾಸವೂ ಕೇಳಿಸುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದೆ. ಅವರು ನಗುತ್ತಿದ್ದರು.

ಅವರ ಮೇಜಿನ ಮೇಲೆ ಬುದ್ಧನ ಪುಟ್ಟ ಪಟವಿತ್ತು. ಒಮ್ಮೆ ಕೀಟಲೆ ಮಾಡಿದೆ: "ಬುದ್ಧನ ಮುಂದೆ ಪಿಸ್ತೂಲು ಹರಡ್ಕೊಂಡು ಕೂತಿದ್ದೀರಲ್ಲ ಮೇಸ್ತ್ರಿ, ಅವನಿಗೆ ಬೇಜಾರಾಗಲ್ವಾ?"

"ಸಿಡೀಲಿ ಅಂತ ಯಾರ್ ಬೇಕಾದ್ರೂ ರಿಪೇರಿ ಮಾಡ್ತಾರೆ ಅಮ್ಮಣ್ಣಿ. ತಾನೇ ತಾನಾಗಿ ಸಿಡೀಬಾರ್ದು ಅಂತ ನಾನು ಮಾಡೋದು. ಅವನಿಗೆ ಗೊತ್ತು" ಎಂದರು.

ಅಂಗಡಿಯ ಯಜಮಾನರಿಗೆ ಮಾತ್ರ ಮೇಸ್ತ್ರಿಗಳ ತೀರ್ಪು ಕಾಗದದಲ್ಲಿ ಇರಕೂಡದು. ದೋಷ ಬರೆದಿಟ್ಟರೆ ಗಿರಾಕಿ ಓದಿಬಿಡುತ್ತಾನೆ ಎಂಬ ಭಯ. ಅದಕ್ಕೇ ದಾರದ ಪದ್ಧತಿ ಬಂದದ್ದು. ನೋಡಿ ಮುಗಿದ ಮೇಲೆ ಬೆರಳಿಟ್ಟು ಎಳೆಯುವ ಕುದುರೆಯ ಸುತ್ತಲಿನ ಬಳೆಗೆ ಮೇಸ್ತ್ರಿಗಳು ದಾರ ಕಟ್ಟುವರು. ಬಿಳಿ ದಾರವಿದ್ದರೆ ಕೊಡಬಹುದು. ಕೆಂಪಿದ್ದರೆ ಕೊಡಬಾರದು. ಗಂಟು ಬಿಚ್ಚುವ ಹಕ್ಕು ಅವರೊಬ್ಬರದೇ.

ಕುಕ್ ಟೌನಿನ ಅಧಿಕಾರಿಯೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಒಂದು ಪಿಸ್ತೂಲು ತಂದುಕೊಟ್ಟರು. ಕನ್ನಡಿಯ ಹಾಗಿತ್ತು. ಮೇಸ್ತ್ರಿಗಳು ಅದನ್ನು ಬಿಚ್ಚಿ, ಗುಂಡು ಸಿಡಿಸುವ ಸುತ್ತಿಗೆಯನ್ನು ಹಿಡಿದು ನಿಲ್ಲಿಸುವ ಚಿಕ್ಕ ಕೊಕ್ಕೆಯನ್ನು ಉಗುರಿನ ಮೇಲಿಟ್ಟು ನನಗೆ ತೋರಿಸಿದರು. ಯಾರೋ ಅರದಿಂದ ಉಜ್ಜಿ ಮಾಡಿದ ನಾಡ ಸಾಮಾನು. "ಮೈಯೆಲ್ಲ ಫಾರಿನ್ನು, ಇದೊಂದು ಗುಜರಿ. ಕೆಳಗೆ ಬಿದ್ರೆ ಸಿಡೀತದೆ. ಅಸಲಿ ಸಾಮಾನು ಹುಡುಕ್ಕೊಂಡ್ ಬರ್ತೀನಿ, ಅಲ್ಲಿಗಂಟ ಇರ್ಲಿ" ಎಂದು ಕೆಂಪು ದಾರ ಕಟ್ಟಿದರು.

ಬುದ್ಧ ಪೂರ್ಣಿಮೆ ಬಂತು. ವರ್ಷಕ್ಕೆ ಮೇಸ್ತ್ರಿಗಳು ತಪ್ಪದೆ ರಜೆ ಹಾಕುತ್ತಿದ್ದ ದಿನ ಅದೊಂದೇ. ಅವತ್ತೇ ಕೆ.ಆರ್. ಪುರದ ಕಡೆಯ ಕಂಟ್ರಾಕ್ಟರ್ ಬಂದ, ಆ ಪಿಸ್ತೂಲನ್ನು ಕಂಡ, ಈಗಲೇ ಬೇಕೆಂದ. ಯಜಮಾನರು ಒಳಗೆ ಬಂದು ನನ್ನ ಟೈಪ್‌ರೈಟರ್ ಪಕ್ಕ ಅದನ್ನಿಟ್ಟರು.

"ದಾರ ತೆಗ್ದು ಪ್ಯಾಕ್ ಮಾಡಮ್ಮ."

"ಸರ್, ಕೆಂಪು ಇದೆ."

"ಮೇಸ್ತ್ರಿಗೆ ಎಲ್ಲಾದ್ರಲ್ಲೂ ಡೌಟು. ಪಾರ್ಟಿ ಕಾಯ್ತಾ ಇದ್ದಾರೆ. ನಿನಗೆ ಕೆಲಸ ಬೇಕೋ ಬೇಡ್ವೋ?"

ನನಗೆ ಮದುವೆ ಗೊತ್ತಾಗಿತ್ತು, ಕೆಲಸ ಬೇಕಿತ್ತು. ಕತ್ತರಿ ತೆಗೆದುಕೊಂಡೆ. ದಾರ ಕಸದ ಬುಟ್ಟಿಗೆ ಹೋಯಿತು. ಮಾರನೆಯ ದಿನ ಮೇಸ್ತ್ರಿಗಳು ಪಿಸ್ತೂಲೆಲ್ಲಿ ಎಂದು ಕೇಳಿದಾಗ, ಯಜಮಾನರು ಕೊಟ್ಟುಬಿಟ್ಟರು ಎಂದೆ. ಅವರು ನೇರ ಯಜಮಾನರ ಕೋಣೆಗೆ ಹೋಗಿ, ವಾಪಸ್ ತರಿಸಿ ಎಂದು ಜಗಳವಾಡಿ, ಬೈಸಿಕೊಂಡು ಬಂದರು.

ಮೂರು ವಾರಕ್ಕೆ ಆಗಬಾರದ್ದು ಆಯಿತು. ಕಾರಿನಿಂದ ಇಳಿಯುವಾಗ ಕಂಟ್ರಾಕ್ಟರನ ಸೊಂಟದಿಂದ ಪಿಸ್ತೂಲು ಜಾರಿ ನೆಲಕ್ಕೆ ಬಿದ್ದು ಸಿಡಿಯಿತು. ಗುಂಡು ಹೊಕ್ಕಿದ್ದು ಬಾಗಿಲು ತೆರೆದು ನಿಂತಿದ್ದ ಡ್ರೈವರ್ ಮೊಣಕಾಲಿಗೆ. ಆ ಕಾಲನ್ನು ತೆಗೆಯಬೇಕಾಯಿತು.

ಪೊಲೀಸರು ಬಂದಾಗ ಯಜಮಾನರು, "ಚೆಕ್ ಮಾಡಿ ಪಾಸ್ ಮಾಡೋದು ನಮ್ಮ ಮೇಸ್ತ್ರಿ ಸರ್" ಎಂದು ಕೈತೊಳೆದುಕೊಂಡರು. ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಕೆಂಪು ದಾರ ಕಟ್ಟಿದ್ದೆ ಅಂತಾನೆ ಇವನು. ನೀವು ನೋಡಿದ್ರೇನಮ್ಮ?"

ಮೇಸ್ತ್ರಿಗಳು ನನ್ನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ನಂಬಿಕೆ ಇತ್ತು. ಅದನ್ನು ನೆನೆದರೆ ಇವತ್ತೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

"ನಾನು ಗಮನಿಸಲಿಲ್ಲ ಸರ್" ಎಂದೆ.

ಕೇಸು ವರ್ಷಗಟ್ಟಲೆ ಎಳೆದಾಡಿ ತಣ್ಣಗಾಯಿತು. ಮೇಸ್ತ್ರಿಗಳ ಕೆಲಸ ಮಾತ್ರ ಅವತ್ತೇ ಹೋಯಿತು. ಊರಿನ ಇನ್ಯಾವ ಕೋವಿ ಅಂಗಡಿಯೂ ಅವರನ್ನು ಸೇರಿಸಲಿಲ್ಲ. ಬುದ್ಧನ ಪಟವನ್ನು ಆ ಬಿಳಿ ಬಟ್ಟೆಯಲ್ಲೇ ಸುತ್ತಿಕೊಂಡು ಹೊರಟರು. ನನ್ನ ಮದುವೆಗೆ ಯಜಮಾನರು ರೇಷ್ಮೆ ಸೀರೆ ಕೊಟ್ಟರು. ನಾನು ಉಟ್ಟುಕೊಂಡೆ.

ಅವರನ್ನು ಮತ್ತೆ ಕಂಡದ್ದು ಬೈಯಪ್ಪನಹಳ್ಳಿಯಲ್ಲಿ, ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ. ನನ್ನ ಹೊಲಿಗೆ ಯಂತ್ರ ಕೆಟ್ಟಿತ್ತು. ಯಾರೋ ತೋರಿಸಿದ ಗೂಡಂಗಡಿಗೆ ಆಟೊದಲ್ಲಿ ಹಾಕಿಕೊಂಡು ಹೋದರೆ, ಒಳಗೆ ಮೇಸ್ತ್ರಿಗಳು. ಕೂದಲು ಪೂರ್ತಿ ನರೆತಿತ್ತು. ಹೆಬ್ಬೆರಳಿನ ಉಗುರು ಮಿಕ್ಕ ಉಗುರುಗಳ ಹಾಗೆಯೇ ಕಪ್ಪಾಗಿತ್ತು.

"ಬಾ ಅಮ್ಮಣ್ಣಿ" ಎಂದರು, ನಿನ್ನೆಯಷ್ಟೇ ಕಂಡವರ ಹಾಗೆ. ಯಂತ್ರ ಬಿಚ್ಚಿ, ಕೆಳಗಿನ ದಾರ ಹಿಡಿಯುವ ಶಟಲ್ ತೆಗೆದು ಬೆಳಕಿಗೆ ಹಿಡಿದರು. "ಯಾರೋ ಡೂಪ್ಲಿಕೇಟ್ ಹಾಕವ್ರೆ. ಅಸಲಿ ಹುಡುಕಿ ಇಟ್ಟಿರ್ತೀನಿ. ಅಲ್ಲಿಗಂಟ ಹೊಲೀಬೇಡ." ಆಮೇಲೆ ಡಬ್ಬಿಯಿಂದ ಕೆಂಪು ದಾರ ತೆಗೆದು ಚಕ್ರಕ್ಕೆ ಕಟ್ಟಿದರು. ಗಂಟು ಹಾಕುತ್ತಾ, ತಲೆ ಎತ್ತದೆ ಹೇಳಿದರು: "ಇದನ್ನಾದ್ರೂ ಬಿಚ್ಚಬೇಡ."

ಅವರಿಗೆ ಎಲ್ಲ ಗೊತ್ತಿತ್ತು. ಕಾಲಿಗೆ ಬೀಳಬೇಕಿತ್ತು, ಬಾಯಿಬಿಟ್ಟು ಹೇಳಬೇಕಿತ್ತು. ನಾನು ಕೇಳಿದ್ದು, "ಯಾವಾಗ ಬರ್ಲಿ ಮೇಸ್ತ್ರಿ?"

ತಿಂಗಳು ಬಿಟ್ಟು ಹೋದಾಗ ಗೂಡಂಗಡಿ ಮುಚ್ಚಿತ್ತು. ಪಕ್ಕದ ಇಸ್ತ್ರಿಯವರು, "ತೀರ್ಕೊಂಡ್ಬಿಟ್ರಮ್ಮ, ಹದಿನೈದು ದಿನ ಆಯ್ತು. ಹಲಸೂರಿನ ಅಮ್ಮಣ್ಣಿ ಬಂದ್ರೆ ಕೊಡು ಅಂತ ಇದನ್ನ ಕೊಟ್ಟಿದ್ರು" ಎಂದು ಒಂದು ಪೊಟ್ಟಣ ಕೊಟ್ಟರು. ಒಳಗೆ ಅಸಲಿ ಶಟಲ್ ಇತ್ತು, ಬಿಳಿ ದಾರ ಸುತ್ತಿ.

ಅದನ್ನು ನಾನು ಹಾಕಿಸಲಿಲ್ಲ. ಯಂತ್ರ ಮನೆಯ ಮೂಲೆಯಲ್ಲಿ ಕೆಂಪು ದಾರದ ಸಮೇತ ಹಾಗೇ ಇದೆ. ಗಂಡ, ಮಕ್ಕಳು ಗುಜರಿಗೆ ಹಾಕು ಎನ್ನುತ್ತಾರೆ. ಕಾರಣ ಅವರಿಗೂ ಹೇಳಿಲ್ಲ. ಅವತ್ತು ಆ ಇನ್ಸ್‌ಪೆಕ್ಟರ್ ಕೇಳಿದ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ದಾರ ಕೆಂಪಾಗಿತ್ತು ಸರ್. ಕತ್ತರಿಸಿದವಳು ನಾನು.