ಎರಡು ಕಂಬಗಳ ನಡುವೆ ಕ್ಯಾಮೆರಾ ಮಾವ

ನನ್ನ ಸೋದರಮಾವನಿಗೆ ದೇಶ ಗೊತ್ತಿರುವುದೇ ಪೊಲೀಸರ ಮೂಲಕ. ಕಾರ್ಖಾನೆಯಿಂದ ಹೊಸ ಕಾರುಗಳನ್ನು ಓಡಿಸಿಕೊಂಡು ಹೋಗಿ ದೂರದೂರದ ಶೋರೂಮುಗಳಿಗೆ ಮುಟ್ಟಿಸುವುದು, ಬಸ್ಸಿನಲ್ಲಿ ತೂಕಡಿಸುತ್ತ ವಾಪಸು ಬರುವುದು ಅವರ ಕೆಲಸ. ಯಾವ ಊರಿನ ಹೆಸರು ಎತ್ತಿದರೂ ಅಲ್ಲಿನ ಗಾಳಿ ನೀರಿನ ಮಾತಿಲ್ಲ. "ಆ ಊರಾ? ಸೇತುವೆ ದಾಟಿದ ತಕ್ಷಣ ಎಡಗಡೆ ಕ್ಯಾಮೆರಾ, ಹುಷಾರು," ಅನ್ನುತ್ತಾರೆ. ನೆಂಟರೆಲ್ಲ ಅವರನ್ನು ಕ್ಯಾಮೆರಾ ಮಾವ ಎಂದೇ ಕರೆಯುವುದು.

ಅವರ ಭೂಗೋಳವೇ ಬೇರೆ. ನದಿಯಾಚೆಯ ಸೀಮೆಯಲ್ಲಿ ಪೊಲೀಸರು ಪೊದೆಯ ಹಿಂದೆ ಅಡಗಿ ವೇಗ ಅಳೆಯುತ್ತಾರಂತೆ; ಎದುರು ಬರುವ ಲಾರಿಯವರು ದೀಪ ಮಿಣುಕಿಸಿ ಎಚ್ಚರಿಸುತ್ತಾರಂತೆ. ಕಡಲ ಕಡೆ ಅದೇ ದೀಪ ಮಿಣುಕಿಸಿದರೆ "ನಾನು ನಿಲ್ಲಿಸೋದಿಲ್ಲ, ನಿನ್ನ ಜೀವ ನೀನು ನೋಡ್ಕೋ" ಎಂದರ್ಥ. ಅಲ್ಲಿ ಹಿಡಿಯುವವರೇ ಇಲ್ಲ, ಆದರೆ ರಸ್ತೆ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೆಟ್ಟಗೆ. ಆಕಳಿಸುವುದು ಬಿಟ್ಟರೆ ಡ್ರೈವರಿಗೆ ಬೇರೆ ಕೆಲಸವಿಲ್ಲ. ಬೆಟ್ಟದ ಸೀಮೆಯಲ್ಲಿ ತಿರುವುಗಳೇನೋ ಇವೆ, ಮಾವ ಅವುಗಳ ಬಗ್ಗೆ ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ, ಆದರೆ ಕ್ಯಾಮೆರಾಗಳೂ ಅಲ್ಲೇ. "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಕಣೇ," ಎಂದು ನಿಟ್ಟುಸಿರು ಬಿಡುತ್ತಾರೆ.

ಹಲ್ಲಿಲ್ಲದ ಕಡೆಯೂ ಕಡಲೆ ಕಡಿಯಲು ಹೋಗಿ ಅವರು ಸಾಕಷ್ಟು ಸಲ ಸಿಕ್ಕಿಬಿದ್ದಿದ್ದರು. ಕೊನೆಗೆ ಸಂಚಾರ ಕಚೇರಿಯವರು ಕಡ್ಡಿ ಮುರಿದಂತೆ ಹೇಳಿದರು: ವೇಗದ ಕೇಸು ಇನ್ನೊಂದು ಬಿದ್ದರೂ ಲೈಸೆನ್ಸ್ ರದ್ದು. ಲೈಸೆನ್ಸ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮಾವ ಮನೆಯಲ್ಲಿ. ಮಾವನಿಗಿಂತ ಹೆಚ್ಚು ಹೆದರಿದ್ದು ನಮ್ಮತ್ತೆ. "ಇವ್ರು ದಿನಾ ಮನೇಲಿ ಕೂತ್ರೆ ನಾನೆಲ್ಲಿಗೆ ಹೋಗ್ಲಿ?" ಎಂದು ಕಂಡವರನ್ನೆಲ್ಲ ಕೇಳಿದರು.

ಅಂಥ ಹೊತ್ತಿನಲ್ಲಿ ಬೆಟ್ಟದಾಚೆಯಿರುವ ಅವರ ಮಗಳ ಮನೆಗೆ ಹೊರಟೆವು. ಮುಂದೆ ಮಾವ, ಅತ್ತೆ. ಹಿಂದೆ ನಾನು, ಮಡಿಲಲ್ಲಿ ವಾಂತಿಗೆಂದು ಒಂದು ಪ್ಲಾಸ್ಟಿಕ್ ಚೀಲ. ನನಗೆ ತಿರುವು ಆಗಿಬರುವುದಿಲ್ಲ, ಅದನ್ನು ಹೊಗಳುವವರೂ ಆಗಿಬರುವುದಿಲ್ಲ. ಅತ್ತೆಗೆ ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಚಾಳಿ. ಟೈರ್ ಅಂಗಡಿ, ಹಲ್ಲಿನ ಡಾಕ್ಟರು, ಬಾಡಿಗೆಗಿದೆ, ಒಂದನ್ನೂ ಬಿಡುವುದಿಲ್ಲ. ಮಾವ ಮದುವೆಯಾದ ಮೊದಲ ವರ್ಷವೇ ಅದನ್ನು ಕೇಳಿಸಿಕೊಳ್ಳುವುದು ಬಿಟ್ಟಿದ್ದರು.

ಬೆಟ್ಟದ ಬುಡದಲ್ಲಿ ಹೊಸ ಕ್ಯಾಮೆರಾ ಕಂಬವಿತ್ತು. ಅದರ ಮುಂದೆ ಮಾವ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವರಂತೆ ಮೆಲ್ಲಗೆ ಹೋದರು. ದಾಟಿದ್ದೇ ತಡ, ಬಿಟ್ಟರು ನೋಡಿ! ಎಡಕ್ಕೆ ಬಲಕ್ಕೆ ಕಾರು ಹೊರಳಿತು, ನಾನು ಚೀಲದ ಬಾಯಿ ಬಿಡಿಸಿದೆ, ಅತ್ತೆ ಎಂದಿನಂತೆ ಕಣ್ಣು ಮುಚ್ಚಿದರು. "ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ!" ಎಂದು ಮಾವ ಹಾಡಿದಂತೆ ಹೇಳಿದರು.

ಬೆಟ್ಟದ ನೆತ್ತಿ ಹತ್ತಿರವಾದಾಗ ನಾನು ಉಸಿರು ಸಿಕ್ಕಷ್ಟರಲ್ಲಿ ಕೇಳಿದೆ. "ಮಾವ, ಆ ಕಂಬದ ಹತ್ರ ಅತ್ತೆ ಏನೋ ಓದಿದ್ರಲ್ಲ, ಸರಾಸರಿ ಅಂತ?"

"'ಇಲ್ಲಿಂದ ಎರಡನೇ ಕಂಬದವರೆಗೆ ಸರಾಸರಿ ವೇಗ ಅಳೆಯಲಾಗುತ್ತದೆ,'" ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಒಪ್ಪಿಸಿದರು.

ಮಾವ ಗಕ್ಕನೆ ಬ್ರೇಕ್ ಒತ್ತಿದರು. ಎರಡನೇ ಕಂಬದ ಮುಂದೆ ಎಷ್ಟೇ ಸಾಧುವಾದರೂ ಇನ್ನು ಪ್ರಯೋಜನವಿಲ್ಲ. ಇಷ್ಟು ಬೇಗ ಅಲ್ಲಿಗೆ ತಲುಪಿದರೆ ಅದೇ ತಪ್ಪಿಗೆ ಪುರಾವೆ. "ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ?" ಎಂದು ಅತ್ತೆಯ ಮೇಲೆ ಹರಿಹಾಯ್ದರು.

"ಓದಿದ್ನಲ್ರೀ."

"ಇನ್ನೊಂದು ಬೋರ್ಡು ಓದಿದ್ರೆ ನೋಡು!"

ಉಳಿದದ್ದು ಒಂದೇ ಉಪಾಯ, ಕಂಬಕ್ಕೆ ಮುಂಚೆ ಎಲ್ಲಾದರೂ ಕಾಲ ಕಳೆಯುವುದು. ಮುಂದಿನ ತಿರುವಿನ ಅಗಲ ಜಾಗದಲ್ಲಿ ಆಗಲೇ ನಾಲ್ಕಾರು ಕಾರುಗಳು ನಿಂತಿದ್ದವು. ಅವರದೂ ಇದೇ ಪಾಡು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಬೆಟ್ಟ ನೋಡುತ್ತಿದ್ದರು. ಮಾವ ಕಾರು ನಿಲ್ಲಿಸಿ, ಕೋಟು ಬಿಚ್ಚಿ ಪಕ್ಕದ ಬೋರ್ಡಿನ ಕಂಬಕ್ಕೆ ತಗುಲಿಹಾಕಿ, ಮೋಟುಗೋಡೆಯ ಮೇಲೆ ಕುಸಿದರು. ನಾನು ಲೆಕ್ಕ ಹಾಕಿ ಹೇಳಿದೆ, ಅರ್ಧ ಗಂಟೆ ಅಲ್ಲಾಡುವಂತಿಲ್ಲ ಅಂತ.

ಅತ್ತೆ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದರು. ಬಂದ ದಾರಿ ಕೆಳಗೆ ಪೂರ್ತಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾವನ ಕೈ ತಾನಾಗಿ ಮೇಲೆದ್ದಿತು. "ಅಗೋ, ಆ ತಿರುವನ್ನ ಹೊರಗಿಂದ ಹಿಡೀಬೇಕು. ಅಲ್ಲಿ ಗೇರ್ ಇಳಿಸ್ಬೇಕು." ಅತ್ತೆ ಒಂದೊಂದು ತೊಳೆ ಕೊಡುತ್ತ ಒಂದೊಂದು ತಿರುವನ್ನೂ ಕೇಳಿದರು. "ಇಷ್ಟು ಚೆನ್ನಾಗಿದೆಯಾ ಇದು? ನಾನು ಕಣ್ಣೇ ಬಿಟ್ಟಿರ್ಲಿಲ್ಲ," ಅಂದರು. ಆಗ ಮಾತ್ರ ನನಗೆ ಇಬ್ಬರ ಮೇಲೂ ಕೋಪ ಬರಲಿಲ್ಲ.

ಎರಡನೇ ಕಂಬವನ್ನು ಮಾವ ಮೀಸೆ ತಿರುವುತ್ತ ದಾಟಿದರು. ವಾರ ಕಳೆಯುವಷ್ಟರಲ್ಲಿ ಸಂಚಾರ ಕಚೇರಿಯಿಂದ ಕರೆ ಬಂತು. ಮಾವನ ಮುಖ ಬಿಳಿಚಿತು. ಜೊತೆಗಿರಲಿ ಎಂದು ನಾನೂ ಅತ್ತೆಯೂ ಹೋದೆವು.

ಕನ್ನಡಕದ ಅಧಿಕಾರಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. "ವೇಗ ಸರಿಯಾಗಿದೆ. ಕೇಸು ವಾಹನ ನಿಲ್ಲಿಸಿದ್ದಕ್ಕೆ." ಆ ತಿರುವಿನಲ್ಲಿದ್ದ ಇನ್ನೊಂದು ಕ್ಯಾಮೆರಾ ತೆಗೆದ ಚಿತ್ರದಲ್ಲಿ ಮಾವ, ಅತ್ತೆ ಮೋಟುಗೋಡೆಯ ಮೇಲೆ ಕೂತಿದ್ದರು; ಪಕ್ಕದಲ್ಲಿ ಮಾವನ ಕೋಟು ನೇತಾಡುತ್ತಿತ್ತು, ಅದರ ಮೇಲೆ 'ಇಲ್ಲಿ ನಿಲ್ಲಿಸಬಾರದು' ಎಂಬ ಬೋರ್ಡು.

"ಕಾಣಿಸ್ಲಿಲ್ವೇನೇ ನಿಂಗೆ?" ಎಂದು ಮಾವ ಹಲ್ಲು ಕಡಿದರು.

"ಕಾಣಿಸ್ತು. ಓದಬೇಡ ಅಂದಿದ್ರಲ್ಲ."

"ಲೈಸೆನ್ಸಿಗೆ ತೊಂದರೆ ಇಲ್ಲ. ದಂಡ ಕಟ್ಟಿ ಹೋಗಿ," ಅಂದರು ಅಧಿಕಾರಿ. ಸದ್ಯ ಬದುಕಿದೆವು ಎಂದು ನಾನು ಅಂದುಕೊಂಡರೆ ಮಾವ ಕೂತಲ್ಲಿಂದ ಏಳಲೊಲ್ಲರು. "ಸಾರ್, ನಾನು ನಿಂತಿದ್ದಕ್ಕೆ ದಂಡ ಅಂದ್ರೆ ಡ್ರೈವರ್‌ಗಳೆಲ್ಲ ಬಿದ್ದು ಬಿದ್ದು ನಗ್ತಾರೆ. ಬೇರೆ ಏನಾದ್ರೂ ಹಾಕೋಕೆ ಆಗುತ್ತಾ?"

ಅಷ್ಟರಲ್ಲಿ ಅತ್ತೆ ಪರದೆಯ ಹತ್ತಿರ ಬಗ್ಗಿದ್ದರು. "ಸಾರ್, ಇದರದೊಂದು ಕಾಪಿ ಸಿಗುತ್ತಾ?"

"ಇದು ಸಾಕ್ಷಿ ಅಮ್ಮಾ, ಮದುವೆ ಫೋಟೋ ಅಲ್ಲ."

"ಮದುವೆ ಫೋಟೋದಲ್ಲಿ ಇವ್ರು ಹೊರಡೋಕೆ ಹೊತ್ತಾಯ್ತು ಅಂತ ಬಾಗಿಲು ನೋಡ್ತಿದಾರೆ ಸಾರ್. ನನ್ನ ಪಕ್ಕ ಸುಮ್ಮನೆ ಕೂತಿರೋದು ಇದೊಂದೇ."

ಅಧಿಕಾರಿ ಮಾವನನ್ನು ನೋಡಿದರು, ಮಾವ ನೆಲ ನೋಡಿದರು. ಪ್ರಿಂಟರ್ ಸದ್ದು ಮಾಡತೊಡಗಿತು. "ಬೋರ್ಡು, ಕೋಟು ಬಿಟ್ಟು ನಿಮ್ಮಿಬ್ಬರದಷ್ಟೇ ಪ್ರಿಂಟ್ ತೆಗೀಲಾ?" ಎಂದು ಅಧಿಕಾರಿ ಕೇಳಿದರು.

"ಬೇಡ ಸಾರ್, ಬೋರ್ಡೂ ಇರ್ಲಿ," ಅಂದರು ಅತ್ತೆ. "ಇವ್ರು ನಿಂತಿದ್ರು ಅಂದ್ರೆ ಯಾರೂ ನಂಬೋದಿಲ್ಲ."