ಲೋಬಾನ ಕುಡಿದ ಡಬ್ಬಿ

ಕಾಲೇಜಿನ ಆ ಮೇಷ್ಟ್ರು ನನ್ನ ಕೋಳಿ ಶೆಡ್ಡಿನಲ್ಲಿ ನಿಂತು ನಕ್ಕ ನಗುವನ್ನು ನಾನಿನ್ನೂ ಮರೆತಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅರ್ಪಿತಾ ನಮ್ಮ ಅಕ್ಕ ಅಂಜಿನಮ್ಮನ ಮಗಳು. ಕೆರೆಬಿಳಚಿಯ ಹುಡುಗಿ. ಚಿಕ್ಕಂದಿನಲ್ಲಿ ಮನೆಯ ರೇಡಿಯೋ ಬಿಚ್ಚಿ ಬೈಸಿಕೊಂಡವಳು, ಚನ್ನಗಿರಿ ಬಸ್ಸಿನಲ್ಲಿ ನಿಂತೇ ಡಿಗ್ರಿ ಮುಗಿಸಿದವಳು. ಎಂ.ಎಸ್ಸಿ.ಯ ಕೊನೆಗೆ ಒಂದು ಡಬ್ಬಿ ಮಾಡಿದಳು. ಅದರೊಳಗೆ ಇಂಗಾಲದ ನ್ಯಾನೊ ಕೊಳವೆಗಳು. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಂತೆ. ಸುತ್ತಲಿನ ಅನಿಲ ಅಂಟಿದರೆ ಅವುಗಳಲ್ಲಿ ಕರೆಂಟು ಹರಿಯುವ ರೀತಿಯೇ ಬದಲಾಗುತ್ತದೆ. ಕೋಳಿ ಹಿಕ್ಕೆಯ ಅಮೋನಿಯಾ ಹೆಚ್ಚಾದರೆ ಹರಿವು ತಗ್ಗಿ ಡಬ್ಬಿ ಕೂಗಬೇಕು. ಆ ಗಾಳಿಗೆ ಮರಿಗಳ ಕಣ್ಣೇ ಹೋಗುತ್ತದೆ, ನಮ್ಮ ಮೂಗಿಗೋ ರೂಢಿಯಾಗಿ ತಿಳಿಯುವುದಿಲ್ಲ. ನನ್ನ ಶೆಡ್ಡಿನಲ್ಲಿ ಅದು ಕೆಲಸ ಮಾಡುವುದನ್ನು ಮೇಷ್ಟ್ರು ಕಣ್ಣಾರೆ ನೋಡಿ ಒಪ್ಪಿದರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ.

ಅವರು ಬರುವಷ್ಟರಲ್ಲಿ ಅಕ್ಕ ಡಬ್ಬಿಗೆ ಕುಂಕುಮ ಇಟ್ಟು, ಲೋಬಾನದ ಹೊಗೆ ಹಾಕಿಬಿಟ್ಟಿದ್ದಳು. ಡಬ್ಬಿ ಒಂದೇ ಸಮನೆ ಕೂಗತೊಡಗಿತು.

"ಏನವ್ವಾ ಮಾಡ್ದೆ!" ಎಂದಳು ಅರ್ಪಿತಾ.

"ಹೊಸಾ ಮಿಷನ್ನು ಪೂಜೆ ಇಲ್ದೆ ಚಾಲೂ ಮಾಡಾಕೆ ಆಗ್ತೈತೇನೇ?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಊದುಬತ್ತಿ ಅಂಗಡೀಲಿ ಇಡಮ್ಮ ಇದನ್ನ. ಇದು ಕೆಲ್ಸ ಮಾಡಿದ್ರೆ ನಾನೇ ಬಂದು ತೆಂಗಿನಕಾಯಿ ಒಡೀತೀನಿ!"

ನಾನು ಪಂಚೆ ಎತ್ತಿ ಕಟ್ಟಿದೆ.

"ಮಾವಾ, ನೀ ಸುಮ್ಕಿರು," ಎಂದು ನನ್ನನ್ನು ತಡೆದು ಅರ್ಪಿತಾ ಅವರತ್ತ ತಿರುಗಿದಳು. "ಕೆಟ್ಟಿಲ್ಲ ಸಾರ್. ಹೊಗೆ ಅಂಟ್ಕಂಡೈತೆ, ಅಷ್ಟೇ. ಕಾವು ಕೊಟ್ರೆ ಬಿಟ್ಟೋಗ್ತೈತೆ."

ಮರಿಗಳಿಗೆ ಕಾವು ಕೊಡುವ ಬಲ್ಬೊಂದನ್ನು ಅಂಗಳಕ್ಕೆ ಎಳೆದು, ಅದರಡಿ ಡಬ್ಬಿಯ ಬಾಯಿ ತೆರೆದಿಟ್ಟಳು. ಮೇಷ್ಟ್ರು ವಾಚು ನೋಡಿದರು. ನಾನು ಹಲ್ಲು ಕಡಿದೆ. ಕೂಗು ಸಣ್ಣಗಾಗುತ್ತಾ ಬಂದು ನಿಂತೇಹೋಯಿತು.

ಡಬ್ಬಿ ಹಿಡಿದು ಅವಳು ಶೆಡ್ಡಿನೊಳಗೆ ನಡೆದಳು. ಬಾಗಿಲಲ್ಲಿ ಸದ್ದಿಲ್ಲ. ನಡುವೆಯೂ ಇಲ್ಲ. ಹಿಂದಿನ ಮೂಲೆಗೆ ಹೋದದ್ದೇ ಕಿರುಚಿತು.

"ಇಲ್ಲೇನೂ ವಾಸನೆ ಇಲ್ವಲ್ಲ," ಎಂದರು ಮೇಷ್ಟ್ರು.

ನಾನು ಸಲಿಕೆ ಹಾಕಿ ನೆಲದ ಹೊಟ್ಟು ಎತ್ತಿದೆ. ಅಡಿಯಲ್ಲಿ ಕರ್ರಗೆ ಕೊಳೆತಿತ್ತು; ನೀರಿನ ಪೈಪು ಸೋರುತ್ತಿತ್ತು. ಘಾಟು ಮುಖಕ್ಕೆ ರಾಚಿ ಮೇಷ್ಟ್ರ ಕಣ್ಣಲ್ಲಿ ನೀರು.

"ಈಗ ಬಂತೇನ್ರೀ ವಾಸ್ನೆ, ಸಾರ್?" ಎಂದೆ ನಾನು.

ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಸಹಿ ಹಾಕಿದರು. ಅರ್ಪಿತಾ ಪಾಸಾದಳು, ಅದೂ ಕ್ಲಾಸಿಗೇ ಮೊದಲು! ಅವಳ ಡಬ್ಬಿ ಇವತ್ತು ನನ್ನ ಶೆಡ್ಡಿನ ಕಂಬದಲ್ಲಿ ತೂಗುತ್ತಿದೆ, ಒಂದು ಮರಿಯ ಕಣ್ಣೂ ಹೋಗಿಲ್ಲ. ಅಕ್ಕ ಈಗ ಅದಕ್ಕೆ ಹೂವಷ್ಟೇ ಮುಡಿಸುತ್ತಾಳೆ.

ಆ ತೆಂಗಿನಕಾಯಿ ಮಾತ್ರ ಇನ್ನೂ ಬಾಕಿ.